ಕೊಟ್ಟಿಗೆಯ ವೈರಿಂಗ್: ದಪ್ಪ ವೈರಿಗೆ ಸಣ್ಣ ವೈರು ಸೇರಿಸುವಾಗ



ಪಶುವೈದ್ಯರಿಗೆ ವೈರಿನ ಉಸಾಬರಿ ಏಕೆ ಎಂದು ತಾವು ಕೇಳಬಹುದು. ಕೊಟ್ಟಿಗೆಯಲ್ಲಿ ಕರೆಂಟ್ ಸೋರಿದರೆ ಮೊದಲು ಪೆಟ್ಟು ಬೀಳುವುದು ರಾಸಿಗೆ. ಅದು ಗಂಜಲದಲ್ಲಿ ನೆನೆದ ನೆಲದ ಮೇಲೆ ಬರಿಗೊರಸಿನಲ್ಲಿ ನಿಂತಿರುತ್ತದೆ. ಮುಂಗಾಲಿನಿಂದ ಹಿಂಗಾಲಿಗೆ ಹರಿಯುವ ವಿದ್ಯುತ್ತು ಹೃದಯದ ಭಾಗವನ್ನು ಹಾದೇ ಹೋಗುತ್ತದೆ. ನಮಗೆ ಬರೇ ಜುಮ್ಮೆನ್ನಿಸುವ ಸೋರಿಕೆ ಹಸುವನ್ನು ಕೊಲ್ಲಬಹುದು.

ಈಗ ಅನೇಕರು ಮೇವು ಕತ್ತರಿಸುವ ಯಂತ್ರ, ಹಾಲು ಕರೆಯುವ ಯಂತ್ರಗಳನ್ನು ಕೊಂಡಿದ್ದಾರೆ. ಸಂತೋಷ. ಆದರೆ ಯಂತ್ರದ ದಪ್ಪ ವೈರನ್ನು ಕೊಟ್ಟಿಗೆಯ ದೀಪದ ಲೈನಿಗೇ ತಿರುಚಿ, ಟೇಪು ಸುತ್ತಿ ಬಿಡುವ ಪದ್ಧತಿ ಬೆಳೆದಿದೆ. 2 ಎಚ್.ಪಿ. ಸಿಂಗಲ್ ಫೇಸ್ ಮೋಟಾರು ಓಡುವಾಗ ಸುಮಾರು 10 ಆಂಪಿಯರ್ ಎಳೆಯುತ್ತದೆ, ಚಾಲೂ ಆಗುವ ಗಳಿಗೆಯಲ್ಲಿ ಅದರ ಐದಾರು ಪಟ್ಟು. ದೀಪಕ್ಕೆ ಹಾಕಿದ 1 ಚದರ ಮಿ.ಮೀ. ತಾಮ್ರದ ವೈರಿನ ತಡೆ 2.5 ಚದರ ಮಿ.ಮೀ. ವೈರಿನ ಸುಮಾರು ಎರಡೂವರೆ ಪಟ್ಟು. ಕರೆಂಟ್ ಎರಡರಷ್ಟಾದರೆ ಕಾವು ನಾಲ್ಕರಷ್ಟಾಗುತ್ತದೆ. ಸೂರಿನ ಹುಲ್ಲಿನ ಪಕ್ಕದಲ್ಲಿ ಆ ಕಾವು ಎಂಥದ್ದೆಂದು ಹೇಳಬೇಕಿಲ್ಲ.

ಎರಡು ಅಳತೆಯ ವೈರು ಸೇರಿದಲ್ಲಿ ಎಂ.ಸಿ.ಬಿ. ಅಥವಾ ಫ್ಯೂಸು ಸಣ್ಣ ವೈರಿಗೆ ತಕ್ಕದ್ದಿರಬೇಕು. ದಪ್ಪ ವೈರಿಗೆಂದು 16 ಆಂಪಿಯರ್ ಎಂ.ಸಿ.ಬಿ. ಹಾಕಿ, ಅದರಿಂದಲೇ ದೀಪಕ್ಕೆ 1 ಚದರ ಮಿ.ಮೀ. ವೈರು ಕವಲು ತೆಗೆದರೆ, ಕವಲು ಬೆಂದರೂ ಎಂ.ಸಿ.ಬಿ. ಬೀಳದಿರಬಹುದು. ಆ ಕವಲಿಗೆ ಬೇರೆ 6 ಆಂಪಿಯರಿನದು ಬೇಕು. ಯಂತ್ರಕ್ಕಂತೂ ಮನೆಯ ಬೋರ್ಡಿನಿಂದಲೇ ಕನಿಷ್ಠ 2.5 ಚದರ ಮಿ.ಮೀ.ನ ಪ್ರತ್ಯೇಕ ಲೈನು ಎಳೆಸುವುದು ಮೇಲು. ದೂರ ಹೆಚ್ಚಾದರೆ 4ರದ್ದು.

ಇನ್ನು ಜೋಡಣೆ. ಅದು ಮುಚ್ಚಳವಿರುವ ಜಂಕ್ಷನ್ ಬಾಕ್ಸಿನೊಳಗೇ ಆಗಬೇಕು. ವೈರನ್ನು ತಿರುಚದೆ, ಸ್ಕ್ರೂ ಇರುವ ಕನೆಕ್ಟರಿನ ಒಂದು ತುದಿಗೆ ದಪ್ಪ ವೈರು, ಇನ್ನೊಂದು ತುದಿಗೆ ಸಣ್ಣದು ಹಾಕಬೇಕು. ಎರಡನ್ನೂ ಒಂದೇ ಸ್ಕ್ರೂವಿನಡಿ ಒತ್ತಿದರೆ ದಪ್ಪದ್ದು ಹಿಡಿದುಕೊಳ್ಳುತ್ತದೆ, ಸಣ್ಣದು ಸಡಿಲವಾಗಿ ಕಿಡಿ ಹಾರುತ್ತದೆ. ಸಣ್ಣ ವೈರಿನ ತುದಿಯನ್ನು ಮಡಿಸಿ ಹಾಕಿದರೆ ರಂಧ್ರ ತುಂಬುತ್ತದೆ. ದಪ್ಪ ವೈರು ರಂಧ್ರಕ್ಕೆ ಹಿಡಿಸದೆಂದು ನಾಲ್ಕು ಎಳೆ ಕತ್ತರಿಸುವವರಿದ್ದಾರೆ. ಅಂಥವರಿಗೆ ಕೂಲಿ ಕೊಡುವುದಕ್ಕಿಂತ ದೊಡ್ಡ ಕನೆಕ್ಟರ್ ಕೊಳ್ಳುವುದು ಅಗ್ಗ. ಬಿಗಿದ ಮೇಲೆ ಪ್ರತಿ ವೈರನ್ನೂ ಎಳೆದು ನೋಡಬೇಕು. ಹಸಿರು ಅರ್ಥ್ ವೈರನ್ನು ಬಾಕ್ಸಿನಲ್ಲೇ ಕತ್ತರಿಸಿ ಬಿಡದೆ, ಅದನ್ನೂ ಜೋಡಿಸಿ ಯಂತ್ರದವರೆಗೆ ಒಯ್ಯಬೇಕು.

ಅಲ್ಯೂಮಿನಿಯಂ ಸರ್ವಿಸ್ ವೈರಿಗೆ ತಾಮ್ರದ ವೈರನ್ನು ನೇರವಾಗಿ ಸುತ್ತಿದರೆ, ತೇವ ಸೇರಿ ಅಲ್ಯೂಮಿನಿಯಂ ಸವೆದು ಜಾಯಿಂಟು ಕಾಯುತ್ತದೆ. ಎರಡೂ ಲೋಹಗಳಿಗೆ ಆಗುವ ಕನೆಕ್ಟರನ್ನೇ ಕೇಳಿ ತನ್ನಿ. ಗಂಜಲದಿಂದೇಳುವ ಅಮೋನಿಯಾ ತಾಮ್ರ, ಹಿತ್ತಾಳೆಗಳನ್ನೂ ತಿನ್ನುತ್ತದೆ. ಕೊಟ್ಟಿಗೆಯ ಜಾಯಿಂಟು ಮನೆಯದಕ್ಕಿಂತ ಬೇಗ ಕೆಡುವುದು ಇದರಿಂದಲೇ. ಆದ್ದರಿಂದ ರಬ್ಬರ್ ಅಂಚಿನ, ನೀರು ನುಗ್ಗದ ಬಾಕ್ಸನ್ನು ಹಸುವಿನ ಕೊಂಬು, ನಾಲಿಗೆ ಎಟುಕದ ಎತ್ತರದಲ್ಲಿ ಕೂರಿಸಿ. ವೈರು ಕೆಳಗಿನಿಂದ ಒಳಹೋಗಲಿ. ಮಳೆಗಾಲಕ್ಕೆ ಮುನ್ನ ಮೈನ್ ಸ್ವಿಚ್ ತೆಗೆಸಿ ಒಮ್ಮೆ ಬಿಚ್ಚಿ ನೋಡಿಸಿ. ಮುಚ್ಚಳ ಬಿಸಿಯಾಗಿದ್ದರೆ, ಸುಟ್ಟ ವಾಸನೆ ಬಂದರೆ ಕಾಯಬಾರದು. ಈ ಕೆಲಸವೆಲ್ಲ ಪರವಾನಗಿ ಇರುವ ವೈರ್‌ಮನ್ ಮಾಡತಕ್ಕದ್ದು. ಅವರು ಮಾಡುವುದು ಸರಿಯೋ ಎಂದು ನೋಡುವುದಕ್ಕೆ ಈ ಮಾತು. 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಹಾಕಿಸಲು ಅವರಿಗೇ ಹೇಳಿ. ಎಂ.ಸಿ.ಬಿ. ವೈರನ್ನು ಕಾಯುತ್ತದೆ, ಸೋರಿಕೆಯನ್ನು ಹಿಡಿಯುವುದು ಇದು.

ಸೋರಿಕೆ ಅಲ್ಪವಿದ್ದರೆ ಹಸು ಸಾಯುವುದಿಲ್ಲ, ಸೂಚನೆ ಕೊಡುತ್ತದೆ. ತೊಟ್ಟಿಯ ನೀರಿಗೆ ಬಾಯಿ ಹಾಕಲು ಹಿಂಜರಿಯುತ್ತದೆ, ಕರೆಯುವಾಗ ಒದೆಯುತ್ತದೆ, ಸೊರ ಬಿಡುವುದಿಲ್ಲ. ಕೆಚ್ಚಲು ಬಾವೆಂದು ಔಷಧಿ, ದೃಷ್ಟಿಯೆಂದು ನಿವಾಳಿ ಎರಡೂ ನಡೆಯುತ್ತವೆ. ಒಂದೇ ಜಾಗದಲ್ಲಿ ಕಟ್ಟಿದ ಹಸುಗಳೆಲ್ಲ ಹೀಗೆ ಮಾಡಿದರೆ ನಮ್ಮನ್ನು ಕರೆಯುವುದರ ಜೊತೆಗೆ ವೈರ್‌ಮನ್‌ನನ್ನೂ ಕರೆಯಿರಿ.

ಹಸು ಬಿದ್ದುಬಿಟ್ಟರೆ ಹಗ್ಗ ಬಿಚ್ಚಲು ಓಡಬೇಡಿ. ಮೊದಲು ಮೈನ್ ಸ್ವಿಚ್ ತೆಗೆಯಿರಿ, ಆಮೇಲೆ ಮುಟ್ಟಿ.