ನಿಮಗಿದು ಗೊತ್ತೇ? ಮೈದಾನದಲ್ಲಿ ಗೆದ್ದ ಅಂಕ, ಲೆಕ್ಕದ ಪುಸ್ತಕದಲ್ಲಿ ಖೋತಾ

★ ಪಂದ್ಯ ಸೋಲದೆಯೂ ಫುಟ್‌ಬಾಲ್ ತಂಡ ಅಂಕ ಕಳೆದುಕೊಳ್ಳಬಹುದು. 2023ರ ನವೆಂಬರ್ 17ರಂದು ಇಂಗ್ಲೆಂಡಿನ ಎವರ್ಟನ್ ಕ್ಲಬ್ಬಿನ 10 ಅಂಕಗಳನ್ನು ಒಂದೇ ಏಟಿಗೆ ಕಿತ್ತುಕೊಳ್ಳಲಾಯಿತು. ಮೂರು ವರ್ಷಗಳಲ್ಲಿ ಒಟ್ಟು 10.5 ಕೋಟಿ ಪೌಂಡ್‌ವರೆಗೆ ನಷ್ಟವಾದರೆ ಅಲ್ಲಿನ ಅಗ್ರ ದರ್ಜೆಯಾದ ಪ್ರೀಮಿಯರ್ ಲೀಗ್ ಆಗ ಸುಮ್ಮನಿರುತ್ತಿತ್ತು. ಎವರ್ಟನ್ ನಷ್ಟ 12.45 ಕೋಟಿಗೆ ಹೋಗಿತ್ತು. ಮೇಲ್ಮನವಿಯಲ್ಲಿ 10 ಅಂಕ 6ಕ್ಕಿಳಿಯಿತು. ಅಬ್ಬಾ ಎನ್ನುವಷ್ಟರಲ್ಲಿ ಮುಂದಿನ ಅವಧಿಯ ಲೆಕ್ಕವೂ ತಪ್ಪಿದೆ ಎಂದು ಇನ್ನೆರಡು ಅಂಕ ಹೋಯಿತು.

★ ಆ 10.5 ಕೋಟಿಯೂ ಸುಮ್ಮನೆ ಸಿಗುತ್ತಿರಲಿಲ್ಲ. ಅದರಲ್ಲಿ 9 ಕೋಟಿಯನ್ನು ಮಾಲೀಕ ತನ್ನ ಜೇಬಿನಿಂದ ಬಂಡವಾಳವಾಗಿ ತುಂಬಿಕೊಡಬೇಕಿತ್ತು. ಕೊಡದಿದ್ದರೆ ಮಿತಿ ಬರೀ 1.5 ಕೋಟಿ. 2013ರಲ್ಲಿ ನಿಯಮ ಬಂದಾಗ ಇಟ್ಟ ಈ ಮೊತ್ತ ಹತ್ತು ವರ್ಷ ಕಳೆದರೂ ಒಂದು ಪೌಂಡ್ ಹೆಚ್ಚಲಿಲ್ಲ. ಆಟಗಾರರ ಬೆಲೆ ಎಲ್ಲಿಗೆ ಹೋಯಿತು ಎನ್ನುವುದಕ್ಕೆ ಒಬ್ಬ ನೇಮಾರ್ ಸಾಕು: 2017ರಲ್ಲಿ ಪ್ಯಾರಿಸ್‌ನ ಪಿಎಸ್‌ಜಿ ಆತನಿಗಾಗಿ ಕೊಟ್ಟದ್ದು 22.2 ಕೋಟಿ ಯೂರೋ.

★ ಇಷ್ಟೆಲ್ಲ ಕಟ್ಟುಪಾಡು ಯಾಕೆ ಬೇಕು? 2008ರಲ್ಲಿ ಎಫ್‌ಎ ಕಪ್ ಎತ್ತಿದ ಪೋರ್ಟ್ಸ್‌ಮತ್, 2010ರ ಫೆಬ್ರವರಿ ಹೊತ್ತಿಗೆ ಸಾಲ ತೀರಿಸಲಾಗದೆ ಆಡಳಿತಾಧಿಕಾರಿಗಳ ಕೈಗೆ ಹೋಗಿತ್ತು. 1885ರಲ್ಲಿ ಹುಟ್ಟಿದ ಬೆರಿ ಕ್ಲಬ್ಬನ್ನು 2019ರ ಆಗಸ್ಟ್‌ನಲ್ಲಿ ಇಂಗ್ಲಿಷ್ ಫುಟ್‌ಬಾಲ್ ಲೀಗ್‌ನಿಂದಲೇ ಹೊರಹಾಕಲಾಯಿತು. 1903ರ ಎಫ್‌ಎ ಕಪ್ ಫೈನಲ್ಲನ್ನು 6-0 ಅಂತರದಲ್ಲಿ ಗೆದ್ದ ತಂಡ ಅದು! ಮಾಲೀಕರು ಬರುತ್ತಾರೆ, ಹೋಗುತ್ತಾರೆ. ಬೀದಿಗೆ ಬೀಳುವುದು ಊರಿನ ಕ್ಲಬ್ಬು.

★ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ, ಮಿಷೆಲ್ ಪ್ಲಾಟಿನಿ ಅಧ್ಯಕ್ಷರಾಗಿದ್ದಾಗ 2009ರಲ್ಲಿ ‘ಫೈನಾನ್ಶಿಯಲ್ ಫೇರ್ ಪ್ಲೇ’ಗೆ ಒಪ್ಪಿಗೆ ಕೊಟ್ಟಿತು. ಗಳಿಸಿದ್ದರಲ್ಲೇ ಖರ್ಚು ಮಾಡಿ ಎಂಬುದು ಅದರ ಸಾರ. ಕ್ರೀಡಾಂಗಣ, ಎಳೆಯರ ಅಕಾಡೆಮಿ, ಮಹಿಳಾ ತಂಡ ಇವುಗಳ ಖರ್ಚಿಗೆ ವಿನಾಯಿತಿ.

★ ಐಪಿಎಲ್ ನೋಡಿ ಬೆಳೆದವರಿಗೆ ಇಲ್ಲೊಂದು ಅಚ್ಚರಿ. 2025ರ ಮೆಗಾ ಹರಾಜಿನಲ್ಲಿ ಆರ್‌ಸಿಬಿಗೂ 120 ಕೋಟಿ ರೂಪಾಯಿ, ಉಳಿದ ಒಂಬತ್ತು ತಂಡಗಳಿಗೂ ಅಷ್ಟೇ. ಯುರೋಪಿನ ಫುಟ್‌ಬಾಲ್‌ನಲ್ಲಿ ಇಂಥ ಸಮಾನ ಪರ್ಸ್ ಇಲ್ಲ. ಯಾರ ಆದಾಯ ಎಷ್ಟೋ ಅವರ ಖರ್ಚಿನ ಮಿತಿ ಅಷ್ಟು. ದೊಡ್ಡ ಕ್ರೀಡಾಂಗಣ, ಜಗತ್ತಿನಾದ್ಯಂತ ಜೆರ್ಸಿ ವ್ಯಾಪಾರ, ಪ್ರತಿ ವರ್ಷ ಚಾಂಪಿಯನ್ಸ್ ಲೀಗ್ ದುಡ್ಡು ಇರುವವರು ಎಷ್ಟು ಬೇಕಾದರೂ ಸುರಿಯಬಹುದು. ಕೆಳಗಿನಿಂದ ಮೇಲೇರುವ ತಂಡದ ಹೊಸ ಮಾಲೀಕ ಸಾಲ ಮಾಡದೆ ಸ್ವಂತ ಹಣವನ್ನೇ ಮಿತಿ ಮೀರಿ ಹಾಕಿದರೂ ತಪ್ಪು. ದಿವಾಳಿ ತಡೆಯಲು ಈ ನಿಯಮ ಸರಿ. ಆದರೆ ಅದಕ್ಕೆ ‘ಫೇರ್’ ಎಂಬ ಹೆಸರು ಹೊಂದುವುದಿಲ್ಲ.

★ ಅಂದಹಾಗೆ 2022ರಲ್ಲಿ ನಿಯಮ ತಿದ್ದಿದಾಗ ಯುಇಎಫ್‌ಎ ಕೂಡ ಹೆಸರಿನಿಂದ ‘ಫೇರ್’ ಕೈಬಿಟ್ಟು ‘ಸಸ್ಟೇನಬಿಲಿಟಿ’ ಎಂದು ಬರೆದುಕೊಂಡಿತು!

★ ಈಗ ಸ್ವಲ್ಪ ಲೆಕ್ಕ. 10 ಕೋಟಿ ಪೌಂಡ್ ಕೊಟ್ಟು ಒಬ್ಬನನ್ನು ಐದು ವರ್ಷದ ಕರಾರಿಗೆ ತಂದರೆ, ಪುಸ್ತಕದಲ್ಲಿ ವರ್ಷಕ್ಕೆ ಬೀಳುವ ಖರ್ಚು 2 ಕೋಟಿ ಮಾತ್ರ. ಮಾರಾಟದ ಕತೆ ಬೇರೆ. ಎಂಟನೇ ವಯಸ್ಸಿನಿಂದ ನಿಮ್ಮಲ್ಲೇ ಬೆಳೆದ ಹುಡುಗನ ‘ಖರೀದಿ ಬೆಲೆ’ ಸೊನ್ನೆ. ಅವನನ್ನು 3.5 ಕೋಟಿಗೆ ಮಾರಿದರೆ ಅಷ್ಟೂ ಲಾಭ, ಅದೂ ಅದೇ ವರ್ಷದ ಲೆಕ್ಕಕ್ಕೆ. 2024ರ ಜೂನ್ ಕೊನೆಗೆ ನ್ಯೂಕ್ಯಾಸಲ್ ಮಾಡಿದ್ದು ಇದನ್ನೇ. ಜೂನ್ 30ಕ್ಕೆ ಲೆಕ್ಕ ಮುಗಿಯಬೇಕಿತ್ತು. ತನ್ನದೇ ಅಕಾಡೆಮಿಯ ಎಲಿಯಟ್ ಆಂಡರ್ಸನ್‌ನನ್ನು ಸುಮಾರು 3.5 ಕೋಟಿ ಪೌಂಡ್‌ಗೆ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ಕೊಟ್ಟುಬಿಟ್ಟಿತು. ಕ್ಲಬ್ಬಿನ ಹಿಂದೆ ನಿಂತಿದ್ದು ಸೌದಿ ಅರೇಬಿಯಾದ ಸರ್ಕಾರಿ ನಿಧಿ! ದುಡ್ಡಿಗೆ ಬರವಿಲ್ಲ, ಖರ್ಚು ಮಾಡಲು ಅನುಮತಿ ಇಲ್ಲ. ಅಕಾಡೆಮಿಯ ಖರ್ಚಿಗೆ ವಿನಾಯಿತಿ ಕೊಡುವ ಅದೇ ನಿಯಮ, ಅಲ್ಲಿ ಬೆಳೆದ ಮನೆಮಕ್ಕಳನ್ನೇ ಮೊದಲು ಮಾರಾಟಕ್ಕಿಡುವಂತೆ ಮಾಡುತ್ತಿದೆ. ಈ ವ್ಯವಸ್ಥೆಯ ಅತಿ ದೊಡ್ಡ ಅನ್ಯಾಯ ಇದೇ ಎಂದು ನನ್ನ ಎಣಿಕೆ.

★ ಫಾರೆಸ್ಟ್ ಕೂಡ ಇದೇ ಗಂಟಲಗಾಣಕ್ಕೆ ಸಿಕ್ಕಿತ್ತು. ಮೂರು ವರ್ಷದಲ್ಲಿ ಎರಡು ವರ್ಷ ಕೆಳಗಿನ ಲೀಗ್‌ನಲ್ಲಿದ್ದುದರಿಂದ ಅದರ ನಷ್ಟದ ಮಿತಿ 6.1 ಕೋಟಿ ಮಾತ್ರ, ಮೀರಿದ್ದು 3.45 ಕೋಟಿ. ತನ್ನ ಆಟಗಾರ ಬ್ರೆನನ್ ಜಾನ್ಸನ್‌ನನ್ನು 2023ರ ಜೂನ್ 30ರೊಳಗೆ ಅವಸರದಲ್ಲಿ ಮಾರುವ ಬದಲು, ಕಾದು ಸೆಪ್ಟೆಂಬರ್ 1ರಂದು ಟಾಟನ್‌ಹ್ಯಾಮ್‌ಗೆ 4.75 ಕೋಟಿಗೆ ಮಾರಿತು. ‘ತಡ ಮಾಡಿದ್ದರಿಂದಲೇ ಒಳ್ಳೆಯ ಬೆಲೆ ಸಿಕ್ಕಿತಲ್ಲ’ ಎಂಬ ವಾದವನ್ನು ವಿಚಾರಣಾ ಮಂಡಳಿ ಒಪ್ಪಲಿಲ್ಲ. 4 ಅಂಕ ಕಡಿತ. ಸದ್ಯ, ತಂಡ ಕೆಳಗಿಳಿಯಲಿಲ್ಲ.

★ ರಂಗೋಲಿ ಕೆಳಗೆ ತೂರುವವರು ಚೆಲ್ಸಿಯವರು. ಕರಾರು ಉದ್ದವಾದಷ್ಟೂ ವಾರ್ಷಿಕ ಖರ್ಚು ತೆಳುವಾಗುತ್ತದೆ ಎಂದು 2023ರ ಜನವರಿಯಲ್ಲಿ ಆಟಗಾರ ಮುದ್ರಿಕ್‌ಗೆ ಎಂಟೂವರೆ ವರ್ಷದ ಕರಾರು ಬರೆದರು. ಯುಇಎಫ್‌ಎ ಎಚ್ಚೆತ್ತು, ಎಷ್ಟೇ ವರ್ಷ ಬರೆದುಕೊಳ್ಳಿ, ಲೆಕ್ಕಕ್ಕೆ ಐದೇ ವರ್ಷ ಎಂದಿತು. ಆಮೇಲೆ ಕ್ರೀಡಾಂಗಣದ ಪಕ್ಕದ ತಮ್ಮ ಎರಡು ಹೋಟೆಲ್‌ಗಳನ್ನು ತಮ್ಮದೇ ಸೋದರ ಕಂಪನಿಗೆ 7.65 ಕೋಟಿ ಪೌಂಡ್‌ಗೆ ಮಾರಿದರು. ಅದೂ ಸಾಲದೆ ಮಹಿಳಾ ತಂಡವನ್ನು ಮಾತೃಸಂಸ್ಥೆಗೇ ಮಾರಿದರು. ಎಡ ಜೇಬಿನ ಹಣ ಬಲ ಜೇಬಿಗೆ. ಪ್ರೀಮಿಯರ್ ಲೀಗ್ ನಿಯಮದಲ್ಲಿ ಇದಕ್ಕೆ ಅಡ್ಡಿಯಿರಲಿಲ್ಲ. ಯುಇಎಫ್‌ಎ ಇಂಥ ಆದಾಯವನ್ನು ಒಪ್ಪುವುದಿಲ್ಲ. 2025ರ ಜುಲೈನಲ್ಲಿ ಚೆಲ್ಸಿಗೆ ದಂಡ ಬಿತ್ತು.

★ ಡರ್ಬಿ ಕೌಂಟಿ ಇನ್ನೂ ಮುಂಚೆಯೇ ತನ್ನ ಕ್ರೀಡಾಂಗಣವನ್ನು ತನ್ನ ಮಾಲೀಕರದೇ ಕಂಪನಿಗೆ 8 ಕೋಟಿ ಪೌಂಡ್‌ಗೂ ಹೆಚ್ಚಿಗೆ ಮಾರಿತ್ತು. ಆಟ ಬಹಳ ದಿನ ನಡೆಯಲಿಲ್ಲ. 2021-22ರ ಋತುವಿನಲ್ಲಿ ದಿವಾಳಿಗೆ 12, ಲೆಕ್ಕಪತ್ರದ ತಪ್ಪಿಗೆ 9, ಒಟ್ಟು 21 ಅಂಕ ಹೋಗಿ ಮೂರನೇ ದರ್ಜೆಗೆ ಇಳಿಯಿತು.

★ ಶಿಕ್ಷೆ ತಡವಾದರೆ ಯಾರಿಗೆ ನಷ್ಟ? 2022-23ರಲ್ಲಿ ಎವರ್ಟನ್ 36 ಅಂಕದೊಂದಿಗೆ ಬಚಾವಾಯಿತು, 34 ಅಂಕದ ಲೆಸ್ಟರ್ ಸಿಟಿ ಕೆಳಗಿಳಿಯಿತು. ಎವರ್ಟನ್‌ನ ಆ 10 ಅಂಕದ ತಪ್ಪು ಹಿಂದಿನ ವರ್ಷದ್ದು, ಕಡಿತವಾದದ್ದು ಮುಂದಿನ ವರ್ಷ! ಪಾಪ ಲೆಸ್ಟರ್ ಎನ್ನುವಿರಾ? ತಾಳಿ. ಲೆಸ್ಟರ್ ಮೇಲೂ ಇದೇ ಆರೋಪ ಬಂತು. 2023ರ ಜೂನ್ 30ಕ್ಕೆ ಲೆಕ್ಕದ ವರ್ಷ ಮುಗಿಯುವಾಗ ತಾನು ಪ್ರೀಮಿಯರ್ ಲೀಗ್‌ನಲ್ಲೇ ಇರಲಿಲ್ಲ, ಕೆಲವೇ ದಿನಗಳ ಹಿಂದೆ ಹೊರಬಿದ್ದಿದ್ದೆ ಎಂದು ವಾದಿಸಿತು. ಮೇಲ್ಮನವಿ ಮಂಡಳಿ 2024ರ ಸೆಪ್ಟೆಂಬರ್‌ನಲ್ಲಿ ಹೌದೆಂದಿತು. ಕೆಳಗಿಳಿದದ್ದೇ ರಕ್ಷಾಕವಚ.

★ ಮ್ಯಾಂಚೆಸ್ಟರ್ ಸಿಟಿಯ ಫೈಲು ಎಲ್ಲಕ್ಕಿಂತ ದಪ್ಪ. 2020ರ ಫೆಬ್ರವರಿಯಲ್ಲಿ ಯುಇಎಫ್‌ಎ ತನ್ನ ಟೂರ್ನಿಗಳಿಂದ ಎರಡು ವರ್ಷ ನಿಷೇಧ, 3 ಕೋಟಿ ಯೂರೋ ದಂಡ ಹಾಕಿತು. ಜುಲೈನಲ್ಲಿ ಕ್ರೀಡಾ ನ್ಯಾಯಾಲಯ ನಿಷೇಧ ತೆಗೆದು ದಂಡವನ್ನು 1 ಕೋಟಿಗಿಳಿಸಿತು. ಕೆಲವು ಆರೋಪ ಸಾಬೀತಾಗಲಿಲ್ಲ, ಕೆಲವಕ್ಕೆ ಐದು ವರ್ಷದ ಗಡುವು ಮೀರಿತ್ತು. 2023ರ ಫೆಬ್ರವರಿಯಲ್ಲಿ ಪ್ರೀಮಿಯರ್ ಲೀಗ್ ನೂರಕ್ಕೂ ಹೆಚ್ಚು ಆರೋಪ ಹೊರಿಸಿತು. ಕ್ಲಬ್ ಎಲ್ಲವನ್ನೂ ಅಲ್ಲಗಳೆದಿದೆ. ಎವರ್ಟನ್ ಬಗ್ಗೆ ಕೆಲವೇ ತಿಂಗಳಲ್ಲಿ ತೀರ್ಪು ಬಂದರೆ, ಸಿಟಿಯ ವಿಚಾರಣೆ ಶುರುವಾಗಲಿಕ್ಕೇ 2024ರ ಸೆಪ್ಟೆಂಬರ್ ಬಂತು.

★ ಮೆಸ್ಸಿ ಬಾರ್ಸಿಲೋನಾ ಬಿಟ್ಟದ್ದು ಮನಸ್ತಾಪದಿಂದಲ್ಲ. ಅರ್ಧ ಸಂಬಳಕ್ಕೂ ಒಪ್ಪಿದ್ದ. ಆತನನ್ನು ಉಳಿಸಿಕೊಂಡರೆ ಸಂಬಳದ ಬಾಬ್ತು ಆದಾಯದ ಶೇಕಡಾ 110 ಆಗುತ್ತದೆ ಎಂದು 2021ರ ಆಗಸ್ಟ್‌ನಲ್ಲಿ ಕ್ಲಬ್ಬಿನ ಅಧ್ಯಕ್ಷ ಲಪೋರ್ಟಾ ಹೇಳಿದರು. ಸ್ಪೇನಿನಲ್ಲಿ ಮಿತಿಯನ್ನು ಮೊದಲೇ ಗೊತ್ತುಮಾಡುತ್ತಾರೆ. ಮೀರಿದರೆ ಆಟಗಾರನ ನೋಂದಣಿಯೇ ಆಗದು. ಕಟುವಾದರೂ ಇದು ವಾಸಿ: ಗೆದ್ದ ಅಂಕವನ್ನು ಆಮೇಲೆ ಕಿತ್ತುಕೊಳ್ಳುವ ರಗಳೆ ಇಲ್ಲ.

★ ಜರ್ಮನಿಯಲ್ಲಿ ‘50+1’ ಸೂತ್ರವಿದೆ: ಮತದಾನದ ಬಹುಮತ ಕ್ಲಬ್ ಸದಸ್ಯರ ಕೈಯಲ್ಲೇ ಇರಬೇಕು. ಹಣವಂತ ಹೂಡಿಕೆ ಮಾಡಬಹುದು, ಯಜಮಾನಿಕೆ ಮಾಡುವಂತಿಲ್ಲ.

★ ಭಾರತದ ನಂಟೂ ಇದೆ. ಪುಣೆಯ ವೆಂಕೀಸ್ ಕಂಪನಿ 2010ರಲ್ಲಿ ಬ್ಲ್ಯಾಕ್‌ಬರ್ನ್ ರೋವರ್ಸ್ ಕೊಂಡಿತು. 2012ರಲ್ಲಿ ತಂಡ ಪ್ರೀಮಿಯರ್ ಲೀಗ್‌ನಿಂದ ಇಳಿಯಿತು. ಆ ಎರಡನೇ ದರ್ಜೆಯಲ್ಲಿ ಮೂರು ವರ್ಷದ ನಷ್ಟದ ಮಿತಿ 3.9 ಕೋಟಿ ಪೌಂಡ್. ಮೇಲಿನಿಂದ ಆಗತಾನೇ ಇಳಿದ ತಂಡಗಳಿಗಾದರೋ ಟಿವಿ ಹಣದಲ್ಲಿ ಕೆಲವು ವರ್ಷ ‘ಪ್ಯಾರಾಚೂಟ್’ ಪಾಲು ಸಿಗುತ್ತದೆ. ಅದೇ ಲೀಗ್‌ನಲ್ಲಿ ಮೊದಲಿನಿಂದ ಇದ್ದವರಿಗೆ ಅದಿಲ್ಲ.

★ 2026-27ರಿಂದ ಪ್ರೀಮಿಯರ್ ಲೀಗ್ ನಷ್ಟದ ಮಿತಿಯನ್ನು ಬಿಟ್ಟು, ತಂಡದ ಖರ್ಚು ಆದಾಯದ ಶೇಕಡಾ 85 ಮೀರಬಾರದು ಎಂಬ ಲೆಕ್ಕಕ್ಕೆ ಹೋಗಲು ತೀರ್ಮಾನಿಸಿದೆ. ಯುರೋಪಿನ ಟೂರ್ನಿಗಳಲ್ಲಿ ಇದು 70. ಹೊಸ ಲೆಕ್ಕದಲ್ಲೂ ಆಟಗಾರರನ್ನು ಮಾರಿ ಬಂದ ಲಾಭ ಆದಾಯದ ಕಡೆಗೇ ಸೇರುತ್ತದೆ. ಹಾಗಾಗಿ ನಿಮ್ಮ ಮೆಚ್ಚಿನ ಕ್ಲಬ್ ಯುವ ಆಟಗಾರನೊಬ್ಬನನ್ನು ದಿಢೀರನೆ ಮಾರಿದ ಸುದ್ದಿ ಓದಿದರೆ ತರಬೇತುದಾರನನ್ನು ಬೈಯುವ ಮುನ್ನ, ಆ ಹುಡುಗ ಬೆಳೆದ ಅಕಾಡೆಮಿ ಯಾವುದು ಎಂದು ಒಮ್ಮೆ ನೋಡಿ.