ನೆಮ್ಮದಿ ಮರಳಿದ ಮೇಲೆ ಮಾತ್ರೆ ಬಿಡಬಹುದೇ?

ಈಚೆಗೆ ಶರಣ ತಾಯಿಯೊಬ್ಬರು ಬಂದು ಕೇಳಿದರು: “ಶಾಸ್ತ್ರಿಗಳ, ಮಗ ಈಗ ಆರಾಮ ಅದಾನ್ರಿ. ಯುಗಾದಿಗೆ ಶ್ರೀಶೈಲಕ್ಕ ನಡಕೊಂಡು ಹೊಂಟಾನ. ಇನ್ನ ಲಿಥಿಯಂ ಗುಳಿಗಿ ಬಿಡಿಸಿದ್ರ ನಡೀತದೇನ್ರಿ?” ಈ ಪ್ರಶ್ನೆ ಅನೇಕ ಮನೆಗಳದಾದುದರಿಂದ ಉತ್ತರವನ್ನು ಸದ್ಭಕ್ತರೆಲ್ಲರಿಗೂ ಅರಿಕೆ ಮಾಡುತ್ತೇನೆ.

ಉನ್ಮಾದವೂ ಖಿನ್ನತೆಯೂ ಬೇರೆ ಬೇರೆ ಕಾಲದಲ್ಲಿ ಬಂದೆರಗುವ ಈ ವ್ಯಾಧಿಯನ್ನು ವೈದ್ಯರು ಬೈಪೋಲಾರ್ ಎನ್ನುತ್ತಾರೆ. ಉನ್ಮಾದದಲ್ಲಿ ನಿದ್ರೆ ಬೇಡವಾಗುತ್ತದೆ, ಮಾತಿಗೆ ತಡೆಯಿರುವುದಿಲ್ಲ, ಹಣ ನೀರಿನಂತೆ ಖರ್ಚಾಗುತ್ತದೆ. ತಮಗೆ ದೈವಸಾಕ್ಷಾತ್ಕಾರವಾಯಿತೆಂದು ನಂಬುವವರೂ ಉಂಟು. ಖಿನ್ನತೆಯಲ್ಲಿ ಬದುಕೇ ಭಾರವೆನಿಸುತ್ತದೆ. ಇದನ್ನು ಭಕ್ತಿಯ ಕೊರತೆಯೆಂದು ಹಳಿಯುವುದು ತರವಲ್ಲ.

1949ರಲ್ಲಿ ಆಸ್ಟ್ರೇಲಿಯದ ವೈದ್ಯ ಜಾನ್ ಕೇಡ್ ಅವರು ಲಿಥಿಯಂ ಲವಣವು ಉನ್ಮಾದವನ್ನು ಶಮನಗೊಳಿಸುವುದೆಂದು ಪ್ರಕಟಿಸಿದರು. ಇಂದಿಗೂ ಅದು ಈ ವ್ಯಾಧಿಯ ಮುಖ್ಯ ಔಷಧಗಳಲ್ಲೊಂದು. ಅದು ಮರುಕಳಿಕೆಯನ್ನು ತಡೆಯುತ್ತದೆ, ಆತ್ಮಹತ್ಯೆಯ ಅಪಾಯವನ್ನು ತಗ್ಗಿಸುತ್ತದೆ. ಮಗನ ನೆಮ್ಮದಿಯನ್ನು ಕಾಯುತ್ತಿರುವುದೇ ಆ ಮಾತ್ರೆಯಾಗಿರಬಹುದು. ಅದನ್ನು ಥಟ್ಟನೆ ನಿಲ್ಲಿಸಿದರೆ ವ್ಯಾಧಿ ಮರಳುವ ಸಂಭವ ಹೆಚ್ಚು. ಬಿಡಲೇಬೇಕಾದರೆ ವೈದ್ಯರು ಹೇಳಿದಂತೆ ಮೆಲ್ಲಮೆಲ್ಲನೆ ಇಳಿಸಬೇಕು.

ಆದರೆ ಲಿಥಿಯಂ ಎಚ್ಚರ ಬೇಡುವ ಔಷಧ. ರಕ್ತದಲ್ಲಿ ಅದರ ಪ್ರಮಾಣ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇರಬೇಕು. ಮಿತಿ ಮೀರಿದರೆ ವಿಷವಾಗುತ್ತದೆ. ಬಿಸಿಲಿನಲ್ಲಿ ಬೆವರು ಹರಿದು ನೀರು, ಉಪ್ಪು ಕಡಿಮೆಯಾದಾಗ ಮೂತ್ರಪಿಂಡಗಳು ಲಿಥಿಯಂ ಅನ್ನು ಹೊರಹಾಕದೆ ಉಳಿಸಿಕೊಳ್ಳುತ್ತವೆ. ನೀರು ಬಿಟ್ಟು ಮಾಡುವ ಉಪವಾಸ, ವಾಂತಿ-ಭೇದಿ, ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆಗಳಿಂದಲೂ ಪ್ರಮಾಣ ಏರುತ್ತದೆ. ಆದುದರಿಂದ ಪಾದಯಾತ್ರೆಗೆ ಮೊದಲು ವೈದ್ಯರನ್ನು ಕಾಣಲೇಬೇಕು. ಕೈ ವಿಪರೀತ ನಡುಗುವುದು, ನಾಲಗೆ ತೊದಲುವುದು, ನಡಿಗೆ ತಪ್ಪುವುದು, ವಾಂತಿ ಕಂಡುಬಂದರೆ ಮುಂದಿನ ಮಾತ್ರೆ ಕೊಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಆರು ತಿಂಗಳಿಗೊಮ್ಮೆಯಾದರೂ ಮೂತ್ರಪಿಂಡ ಹಾಗೂ ಥೈರಾಯ್ಡ್ ಪರೀಕ್ಷೆ ಅಗತ್ಯ.

ಎಲ್ಲರಿಗೂ ಲಿಥಿಯಂ ಒಗ್ಗದು; ವಾಲ್‌ಪ್ರೊಯೇಟ್, ಕ್ವಿಟಿಯಾಪಿನ್ ಮೊದಲಾದ ಮಾತ್ರೆಗಳೂ ಇವೆ. ವಾಲ್‌ಪ್ರೊಯೇಟ್ ಗರ್ಭಸ್ಥ ಶಿಶುವಿಗೆ ಹಾನಿಕರ. ಹೆಣ್ಣುಮಕ್ಕಳ ಮದುವೆಯ ವೇಳೆ ಕಾಯಿಲೆಯನ್ನು ಮುಚ್ಚಿಟ್ಟು ಮಾತ್ರೆ ಅಡಗಿಸುವ ಹಿರಿಯರು ಇದನ್ನು ನೆನೆಯಬೇಕು.

ಅಂಗವನ್ನು ಲಿಂಗದ ನೆಲೆಯೆಂದು ನಂಬಿದವರು ನಾವು; ಅದರ ರಕ್ಷಣೆಯೂ ಪೂಜೆಯ ಭಾಗವೇ. ಆ ತಾಯಿಗೆ ನಾನು ಹೇಳಿದ್ದಿಷ್ಟೆ: “ತಾಯೀ, ಮಲ್ಲಯ್ಯ ಮುಂದಿನ ವರುಷವೂ ಅಲ್ಲೇ ಇರುತ್ತಾನೆ. ವೈದ್ಯರು ಬೇಡವೆಂದರೆ ಈ ಸಲ ಮಗನನ್ನು ಬಸ್ಸಿನಲ್ಲಿ ಕರೆದೊಯ್ಯಿರಿ. ಮಾತ್ರೆಯ ಡಬ್ಬಿ ನಿಮ್ಮ ಕೈಚೀಲದಲ್ಲಿರಲಿ.”