ನಕಲಿ ಕೋಬ್ರಾ, ಅಸಲಿ ಜಗಳ

ಕೋಬ್ರಾ ಎಂದೊಡನೆ ನಮಗೆ ನೆನಪಾಗುವುದು ಹೆಡೆಯೆತ್ತಿದ ನಾಗರಹಾವು. ಅಮೆರಿಕದ ಕಾರುಪ್ರಿಯರಿಗಾದರೋ ಅದು ಎರಡೇ ಆಸನಗಳ, ಮೇಲ್ಛಾವಣಿಯಿಲ್ಲದ ಓಟದ ಕಾರು. ಈ ಕಾರಿನ ಅಸಲಿಗಳಿಗಿಂತ ನಕಲುಗಳೇ ಇಂದು ಹೆಚ್ಚು! ಆ ನಕಲುಗಳಲ್ಲಿ ಯಾರು ಮಾಡಿದ್ದು ಮೇಲು ಎಂಬ ಜಗಳಕ್ಕೂ ದಶಕಗಳ ವಯಸ್ಸಾಗಿದೆ.

ಟೆಕ್ಸಾಸ್‌ನ ಕ್ಯಾರೋಲ್ ಶೆಲ್ಬಿ 1959ರಲ್ಲಿ ಫ್ರಾನ್ಸಿನ ಲಮಾನ್ 24 ಗಂಟೆಗಳ ಸ್ಪರ್ಧೆ ಗೆದ್ದ ಚಾಲಕ. ಹೃದಯದ ತೊಂದರೆಯಿಂದ ಸ್ಪರ್ಧೆ ಬಿಟ್ಟ ಅವರು 1962ರಲ್ಲಿ ಇಂಗ್ಲೆಂಡಿನ ಎ.ಸಿ. ಕಂಪನಿಯ ಹಗುರವಾದ ಏಸ್ ಕಾರಿಗೆ ಫೋರ್ಡ್‌ನ ವಿ-8 ಎಂಜಿನ್ ಕೂಡಿಸಿದರು. ಅದೇ ಕೋಬ್ರಾ. ಬಲ ಹೆಚ್ಚಿ, ದ್ರವ್ಯರಾಶಿ ಕಡಿಮೆಯಿದ್ದರೆ ವೇಗೋತ್ಕರ್ಷ ಹೆಚ್ಚುತ್ತದೆ ಎಂಬ ನ್ಯೂಟನ್ನನ ಎರಡನೆಯ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ? 1967ರ ಹೊತ್ತಿಗೆ ತಯಾರಿಕೆ ನಿಂತಾಗ ಹೊರಬಂದಿದ್ದವು ಸುಮಾರು ಒಂದು ಸಾವಿರ ಕಾರುಗಳು ಮಾತ್ರ. ಅವುಗಳಲ್ಲಿ ಮೊಟ್ಟಮೊದಲನೆಯದು 2016ರ ಹರಾಜಿನಲ್ಲಿ 1 ಕೋಟಿ 37 ಲಕ್ಷ 50 ಸಾವಿರ ಡಾಲರಿಗೆ ಮಾರಾಟವಾಯಿತು.

ಅಷ್ಟು ಹಣ ಎಲ್ಲರ ಬಳಿ ಎಲ್ಲಿದೆ? ಹೀಗೆ ಹುಟ್ಟಿದ್ದು ನಕಲುಗಳ ಉದ್ಯಮ. 1995ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಆರಂಭವಾದ ಫ್ಯಾಕ್ಟರಿ ಫೈವ್ ಕಂಪನಿ ಉಕ್ಕಿನ ಕೊಳವೆಗಳ ಚಾಸಿ ಮತ್ತು ಗಾಜಿನ ನಾರಿಗೆ ರಾಳ ಬೆರೆಸಿ ಅಚ್ಚು ಹಾಕಿದ ಹೊರಮೈಯನ್ನು ಕಿಟ್ ಆಗಿ ಮಾರಿತು. ಎಂಜಿನ್, ಗೇರ್‌ಬಾಕ್ಸ್‌ಗಳನ್ನು ಹಳೆಯ ಮುಸ್ತಾಂಗ್ ಕಾರಿನಿಂದ ಬಿಚ್ಚಿ ತರಬೇಕಿತ್ತು. ಕೊಂಡವನೇ ಮೆಕ್ಯಾನಿಕ್!

ಜಗಳವಿರುವುದು ಇಲ್ಲೇ. ಮೂಲ ಕಾರಿನ ಮೈ ಅಲ್ಯೂಮಿನಿಯಂನದು, ಇದು ವೇಷವಷ್ಟೆ ಎನ್ನುವವರು ಒಂದು ಕಡೆ. ಸಾಮಾನ್ಯನ ಕೈಗೂ ಕೋಬ್ರಾ ಎಟುಕಿಸಿದ ಕಂಪನಿ ಎನ್ನುವವರು ಇನ್ನೊಂದು ಕಡೆ. ಹೊರಮೈಯನ್ನು ಉಜ್ಜಿ ನಯಗೊಳಿಸಿ ಬಣ್ಣ ಬಳಿಯುವ ಕಷ್ಟ ಯಾರಿಗೆ ಬೇಕು, ದಕ್ಷಿಣ ಆಫ್ರಿಕದಲ್ಲಿ ಬಹುಪಾಲು ಜೋಡಣೆಯಾಗಿ, ಎಂಜಿನ್, ಗೇರ್‌ಬಾಕ್ಸ್ ಮಾತ್ರ ಇಲ್ಲದೆ ಬರುವ ಸೂಪರ್‌ಫಾರ್ಮೆನ್ಸ್ ಕಾರೇ ಮೇಲು ಎನ್ನುವವರು ಮೂರನೆಯವರು.

ಶೆಲ್ಬಿಯವರೂ ಸುಮ್ಮನಿರಲಿಲ್ಲ. 2000ದಲ್ಲಿ ಫ್ಯಾಕ್ಟರಿ ಫೈವ್ ಮೇಲೆ ಮೊಕದ್ದಮೆ ಹೂಡಿದರು. ಕೊನೆಗೆ ರಾಜಿಯಾಯಿತು, ಕೋಬ್ರಾ, ಶೆಲ್ಬಿ ಎಂಬ ಹೆಸರುಗಳನ್ನು ಕಂಪನಿ ಬಿಟ್ಟುಕೊಟ್ಟಿತು, ಕಿಟ್ ತಯಾರಿಕೆ ಮುಂದುವರಿಯಿತು. ಸೂಪರ್‌ಫಾರ್ಮೆನ್ಸ್ ಅವರಿಂದ ಪರವಾನಗಿಯನ್ನೇ ಪಡೆಯಿತು. ಆದರೆ ಮೂಲಕರ್ತೃವೂ ವಿವಾದದಿಂದ ಹೊರತಲ್ಲ. 1965ರಲ್ಲಿ ಉಳಿದ ಚಾಸಿಗಳೆಂದು ಶೆಲ್ಬಿ ಹೇಳಿಕೊಂಡಿದ್ದ ಕೆಲವು ಚಾಸಿಗಳು ಹೊಸದಾಗಿ ತಯಾರಾದವು ಎಂದು 1993ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ ಬಯಲಿಗೆಳೆದಿತ್ತು.

ಹಾಗಾದರೆ ತೀರ್ಪು ಯಾರ ಕಡೆಗೆ? ವಿದ್ಯಾರ್ಥಿಗಳು ಪ್ರಯೋಗಶಾಲೆಯ ಪಾಠವೊಂದನ್ನು ಇಲ್ಲಿ ನೆನೆಯಬಹುದು. ಎರಡು ಅಂಶಗಳು ಒಟ್ಟಿಗೆ ಬದಲಾದರೆ ಫಲಿತಾಂಶಕ್ಕೆ ಯಾವುದು ಕಾರಣವೆಂದು ಹೇಳಲಾಗದು. ಕಿಟ್ ಕಾರಿನಲ್ಲಿ ಅರ್ಧ ಕೆಲಸ ಕಂಪನಿಯದು, ಅರ್ಧ ಜೋಡಿಸಿದವನದು. ಒಬ್ಬನ ಕಾರು ಗಡಗಡ ಎಂದರೆ ದೋಷ ಚಾಸಿಯದೋ, ಬೋಲ್ಟ್ ಬಿಗಿಮಾಡದ ಕೈಯದೋ? ಒಂದೇ ಕಿಟ್ಟನ್ನು ಹಲವರು ಜೋಡಿಸಿದಾಗ ಎಲ್ಲ ಕಾರುಗಳಲ್ಲೂ ಅದೇ ದೋಷ ಕಂಡರೆ ಕಂಪನಿಯನ್ನು ಪ್ರಶ್ನಿಸುವುದು ನ್ಯಾಯ. ಒಂದರಲ್ಲಿ ಮಾತ್ರ ಕಂಡರೆ ಮೊದಲು ಸ್ಪ್ಯಾನರ್ ಹಿಡಿದು ನೋಡಬೇಕು.

ಇನ್ನು, ನಕಲು ಮಾಡುವುದೇ ತಪ್ಪೆ? ನಕಲು ಎಂದು ಹೇಳಿ ಮಾರಿದರೆ ಅದು ಕಸುಬು. ಅಸಲಿ ಎಂದು ಹೇಳಿ ಮಾರಿದರೆ ಮೋಸ. ಕಂಪನಿಯೊಂದರ ಹೆಸರನ್ನು ಅಳೆಯಲು ಹೊರಟವರು ಮೊದಲು ಕೇಳಬೇಕಾದ ಪ್ರಶ್ನೆ ಇದೇ.